ಕಾಮಾಲೆ ಅಡ

ನಮ್ಮ ಹವ್ಯಕ ಮಾತಿನಲ್ಲಿ 'ಅಡ' ಅಂತ ಒಂದು ಪುಟ್ಟ ಬಾಲ ಇದೆ. ಬೇರೆಯವರು ಹೇಳಿದ್ದನ್ನು ದಾಟಿಸುವಾಗ ಮಾತಿನ ಕೊನೆಗೆ ಅದನ್ನು ಅಂಟಿಸುತ್ತೇವೆ. 'ನಾಳೆ ಮಳೆ ಬತ್ತಡ' ಅಂದರೆ ನಾಳೆ ಮಳೆ ಬರುತ್ತದಂತೆ. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು, ನಾನು ತಂದು ಮುಟ್ಟಿಸಿದೆ ಅಷ್ಟೇ ಅಂತ ಅದರ ಅರ್ಥ.

2018ರ ಮಾರ್ಚ್‌ನಲ್ಲಿ, ಶಿರಸಿ ಜಾತ್ರೆ ಮುಗಿದ ಮೇಲೆ, ಗೋವಾದ ಒಂದು ಆಸ್ಪತ್ರೆಯಲ್ಲಿ ಕೂತು ನಾನು ಅಪ್ಪನಿಗೆ ಹೇಳಿದ ಮಾತಿಗೂ ಅದೇ ಬಾಲ ಇತ್ತು. "ಕಾಮಾಲೆ ಅಡ."

ಡಾಕ್ಟರು ಕಾಮಾಲೆ ಅಂದಿರಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂದಿದ್ದರು. ಗಡ್ಡೆ ಗ್ರಂಥಿಯ ತಲೆಯ ಭಾಗದಲ್ಲಿತ್ತು, ಪಿತ್ತನಾಳವನ್ನು ಒತ್ತಿ ಹಿಡಿದಿತ್ತು. ಪಿತ್ತ ಇಳಿಯಲು ದಾರಿಯಿಲ್ಲದೆ ಅಪ್ಪನ ಕಣ್ಣು, ಮೈ ಎಲ್ಲ ಹಳದಿಯಾಗಿದ್ದವು. ಆಪರೇಷನ್ ಮಾಡುವ ಹಂತ ದಾಟಿದೆ, ನಾಳಕ್ಕೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿದರೆ ಹಳದಿ ಇಳಿಯುತ್ತದೆ, ಕಾಯಿಲೆ ಇಳಿಯುವುದಿಲ್ಲ ಅಂದರು. ಉಳಿದಿರುವುದು ತಿಂಗಳುಗಳು ಅಂತಲೂ ಹೇಳಿದರು. ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿದರು. ಕಾರವಾರದಲ್ಲಿ ಹದಿನೈದು ವರ್ಷ ಇದ್ದು ನನಗೆ ಕೊಂಕಣಿ ಬರುತ್ತದೆ. ಅಪ್ಪನಿಗೆ ಬರುವುದಿಲ್ಲ. ಆದರೂ ಅವರು ಅಪ್ಪನ ಮುಖ ನೋಡಿಯೇ ಮಾತಾಡಿದರು. ನಡುನಡುವೆ ನಿಲ್ಲಿಸಿ, ನಾನು ಕನ್ನಡದಲ್ಲಿ ಹೇಳಲಿ ಅಂತ ಕಾದರು. ಅಷ್ಟು ಒಳ್ಳೆಯ ಡಾಕ್ಟರು.

ಅಪ್ಪ ನನ್ನ ಕಡೆ ತಿರುಗಿ ಕೇಳಿದ. "ಎಂತಡ ಕೂಸೇ?" ಏನಂತೆ ಮಗಳೇ ಅಂತ.

ಆಗ ಆ ಮಾತು ನನ್ನ ಬಾಯಿಂದ ಬಂತು. ಯೋಚನೆ ಮಾಡಿ ಹೇಳಿದ್ದಲ್ಲ. ಆದರೆ ಅದಕ್ಕೆ 'ಅಡ' ಸೇರಿಸಿದ್ದೆ. ನನ್ನ ಸುಳ್ಳನ್ನು ಡಾಕ್ಟರ ಬಾಯಿಗೆ ಇಟ್ಟಿದ್ದೆ. ಕೊನೆಗೆ ಡಾಕ್ಟರು "ಸಮಜ್ಲೆಂ?" ಅಂತ ನನ್ನನ್ನು ಕೇಳಿದರು. ಅಪ್ಪನಿಗೆ ಅರ್ಥವಾಯಿತಾ ಅಂತ. ಹೌದು ಅಂದೆ. ಒಂದೇ ಕುರ್ಚಿಯಲ್ಲಿ ಕೂತು ಎರಡು ಕಡೆಗೆ ಎರಡು ಸುಳ್ಳು ಹೇಳಿದೆ.

ಕಾರಣ ಇರಲಿಲ್ಲ ಅಂತಲ್ಲ. ಬೆಳಿಗ್ಗೆ ಹೊರಡುವ ಮೊದಲೇ ಆಯಿ, ಅಂದರೆ ನನ್ನ ಅಮ್ಮ, ಫೋನ್ ಮಾಡಿದ್ದಳು. "ಎಂತಾದ್ರೂ ಇದ್ರೆ ಅವ್ಕೆ ಹೇಳಡ." ಏನಾದರೂ ಇದ್ದರೆ ಅಪ್ಪನಿಗೆ ಹೇಳಬೇಡ ಅಂತ. ದೊಡ್ಡಪ್ಪನಿಗೂ ಕ್ಯಾನ್ಸರ್ ಆಗಿತ್ತು. ಅವನಿಗೆ ಹೇಳಿದ ದಿನದಿಂದ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ. ಊಟ ಬಿಟ್ಟ, ಮಾತು ಬಿಟ್ಟ. ರೋಗಕ್ಕಿಂತ ಮೊದಲು ಹೆದರಿಕೆಯೇ ಅವನನ್ನು ಒಯ್ದಿತು ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅಪ್ಪನೂ ನಂಬಿದ್ದ.

ಗೋವಾದಿಂದ ವಾಪಸು ಬರುವಾಗ ಕಾಳಿ ನದಿಯ ಹಳೆ ಸೇತುವೆ ಮೇಲೆ ಬಂದೆವು. ಆ ಸೇತುವೆ ಈಗ ಇಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿತ್ತು. ಅವತ್ತು ಅದರ ಮೇಲೆ, ಬಲಗಡೆ ನದಿ ಸಮುದ್ರ ಸೇರುವುದನ್ನು ನೋಡುತ್ತ ಅಪ್ಪ ನಿರಾಳವಾಗಿ ಹೇಳಿದ. "ಕಾಮಾಲೆ ಅಂದ್ರೆ ಪಥ್ಯ ಗಟ್ಟಿ ಮಾಡಕ್ಕು." ಪಥ್ಯ ಗಟ್ಟಿಯಾಗಿ ಮಾಡಬೇಕು ಅಂತ. ನಾನು ಹೂಂ ಅಂದೆ. ಆ ಮಾತಿನಲ್ಲಿ ಏನಿದೆ ಅಂತ ನನಗೆ ಆಗ ಹೊಳೆಯಲಿಲ್ಲ.

ನಮ್ಮ ಕಡೆ ಕಾಮಾಲೆಗೆ ನಾಟಿ ಔಷಧಿ ಕೊಡುವವರು ಊರಿಗೊಬ್ಬರು ಸಿಗುತ್ತಾರೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ಅದರ ಜೊತೆ ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ, ಕರಿದದ್ದು ಇಲ್ಲ, ಉಪ್ಪೂ ಇಲ್ಲದಷ್ಟು ಕಡಿಮೆ. ಗಂಜಿ, ಮಜ್ಜಿಗೆ, ಮತ್ತೆ ಗಂಜಿ. ಅಪ್ಪ ಶಿಸ್ತಿನ ಮನುಷ್ಯ. ತೋಟಕ್ಕೆ ಮದ್ದು ಹೊಡೆಯುವ ದಿನ ತಪ್ಪಿಸಿದವನಲ್ಲ, ಅಡಿಕೆ ಕೊನೆ ಕೊಯ್ಲು ತಡ ಮಾಡಿದವನಲ್ಲ. ಪಥ್ಯವನ್ನೂ ಹಾಗೇ ಹಿಡಿದ. ಗೋವಾದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಹಳದಿ ನಿಜಕ್ಕೂ ಇಳಿಯಿತು. ಸ್ಟೆಂಟ್ ಅಂದರೆ ನಾಳ ತೊಳೆಯುವುದು ಅಂತ ಹೇಳಿದ್ದೆವು. ಹಳದಿ ಇಳಿದದ್ದು ನೆಲನೆಲ್ಲಿಯಿಂದ ಅಂತ ಅಪ್ಪ ತಿಳಿದ. ಪಥ್ಯ ಇನ್ನೂ ಬಿಗಿಯಾಯಿತು.

ಅದು ಅಪ್ಪೆಮಿಡಿಯ ಕಾಲ. ಆಯಿ ಭರಣಿ ತುಂಬ ಉಪ್ಪಿನಕಾಯಿ ಹಾಕಿದಳು. ಅಪ್ಪ ಮಿಡಿಯ ಸೊನೆ ಮೂಸಿ ನೋಡಿ, ಇದು ಒಳ್ಳೆ ಜಾತಿ ಅಂತ ಹೇಳಿ ಕೆಳಗಿಟ್ಟ. ಆಮೇಲೆ ಹಲಸಿನ ಹಪ್ಪಳದ ದಿನಗಳು ಬಂದವು. ಒಳಗೆ ಹಪ್ಪಳ ಕರಿಯುವ ವಾಸನೆ ಬಂದರೆ ಜಗಲಿಯಿಂದ ಎದ್ದು ತೋಟಕ್ಕೆ ಇಳಿದು ಹೋಗುತ್ತಿದ್ದ. ಮಾವಿನಕಾಯಿಯ ಅಪ್ಪೆಹುಳಿ ಇಲ್ಲದೆ ಊಟ ಮುಗಿಸದವನು ಆರು ತಿಂಗಳು ಅದನ್ನು ಮುಟ್ಟಲಿಲ್ಲ. ತೂಕ ಇಳಿಯುತ್ತಲೇ ಹೋಯಿತು. ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬೇಕಾದ್ದನ್ನೆಲ್ಲ ತಿನ್ನಲಿ, ಜಾಸ್ತಿ ತಿಂದಷ್ಟೂ ಒಳ್ಳೆಯದು, ಪಥ್ಯ ಯಾಕೆ ಅಂತ ಅವರಿಗೆ ಆಶ್ಚರ್ಯ. ನಾನು ಅಪ್ಪನಿಗೆ, ಡಾಕ್ಟರು ಪಥ್ಯ ಬೇಡ ಅನ್ನುತ್ತಾರೆ ಅಂತ ಹೇಳಿದೆ. ಅಪ್ಪ ನಕ್ಕ. ಕಾಮಾಲೆ ವಿಷಯ ಅವರಿಗೆ ಗೊತ್ತಿಲ್ಲ ಅಂದ.

ಪಥ್ಯ ಮುರಿಯಬೇಕಾದರೆ ನಾನು ಸುಳ್ಳನ್ನು ಮುರಿಯಬೇಕಿತ್ತು. ಮುರಿಯಲಿಲ್ಲ. ಮನುಷ್ಯನಿಗೆ ಉಳಿದಿದ್ದ ಕೊನೆಯ ಊಟಗಳನ್ನು, ಇಲ್ಲದ ಕಾಯಿಲೆಗಾಗಿ ಅವನೇ ಬಿಟ್ಟುಕೊಡುವ ಹಾಗೆ ಮಾಡಿದೆ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಸುಳ್ಳು ಮನೆಯೊಳಗೆ ನಿಲ್ಲಲೂ ಇಲ್ಲ. ಅಪ್ಪ ಬಂದವರಿಗೆಲ್ಲ ನಾಟಿ ಔಷಧಿಯ ಗುಣ ಹೇಳುತ್ತಿದ್ದ. ಪಕ್ಕದ ಊರಿನ ಒಬ್ಬರಿಗೆ ಕಣ್ಣು ಹಳದಿಯಾದಾಗ, ಅಪ್ಪನ ಮಾತು ನಂಬಿ ಆಸ್ಪತ್ರೆ ಬಿಟ್ಟು ಔಷಧಿಗೆ ಹೊರಟರು. ನಾನು ಅವರ ಮನೆಗೆ ಹೋಗಿ, ಮೊದಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ಅಂತ ಕೈಮುಗಿದು ಹೇಳಿದೆ. ಯಾಕೆ ಅಂತ ಕೇಳಿದರು. ಹೇಳಬೇಕಾಯಿತು. ಆಮೇಲೆ ಊರಿಗೆಲ್ಲ ಗೊತ್ತಾಯಿತು. ಸೊಸೈಟಿಯಲ್ಲಿ, ದೇವಸ್ಥಾನದಲ್ಲಿ, ಹಾಲಿನ ಡೇರಿಯಲ್ಲಿ ಅಪ್ಪ ಬಂದರೆ ಮಾತು ನಿಲ್ಲುತ್ತಿತ್ತು. ಅವನ ಸಾವಿನ ಸುದ್ದಿ ಅವನನ್ನು ಬಿಟ್ಟು ಎಲ್ಲರ ಹತ್ತಿರವೂ ಇತ್ತು.

ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ. ಗೊತ್ತಿಲ್ಲದವರಿಗೆ ಹೇಳಬೇಕು ಅಂದರೆ, ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಬರೀ ಮಾತಿನಲ್ಲೇ ಕುರುಕ್ಷೇತ್ರ ಕಟ್ಟುತ್ತಾರೆ. ಬರೆದಿಟ್ಟ ಮಾತಲ್ಲ, ಆ ಹೊತ್ತಿಗೆ ಹುಟ್ಟಿದ್ದು. ಅಪ್ಪನಿಗೆ ಒಲಿದ ಪಾತ್ರ ದ್ರೋಣ.

ಆ ಕಥೆ ಎಲ್ಲರಿಗೂ ಗೊತ್ತು. ಭೀಮ ಅಶ್ವತ್ಥಾಮ ಅನ್ನುವ ಆನೆಯನ್ನು ಕೊಂದು, ಅಶ್ವತ್ಥಾಮ ಸತ್ತ ಅಂತ ಕೂಗುತ್ತಾನೆ. ದ್ರೋಣ ನಂಬುವುದಿಲ್ಲ. ಧರ್ಮರಾಯನ ಹತ್ತಿರ ಬಂದು ಕೇಳುತ್ತಾನೆ. ಧರ್ಮರಾಯ, ಸತ್ತದ್ದು ನಿಜ ಅಂತ ಜೋರಾಗಿ, ಆನೆ ಅಂತ ಮೆಲ್ಲಗೆ ಹೇಳುತ್ತಾನೆ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲ ಮುಟ್ಟುತ್ತದೆ. ಇದರ ಬಗ್ಗೆ ಅಪ್ಪ ಜಗಲಿಯಲ್ಲಿ ಕವಳ ಮೆಲ್ಲುತ್ತ ಹೇಳುತ್ತಿದ್ದ ಒಂದು ಮಾತು ಇದೆ. ದ್ರೋಣನನ್ನು ಕೊಂದದ್ದು ಧರ್ಮರಾಯ ಅವತ್ತು ಹೇಳಿದ ಸುಳ್ಳಲ್ಲ, ಅವನು ಅಲ್ಲಿಯವರೆಗೆ ಹೇಳಿದ ಸತ್ಯ. ಅಷ್ಟು ವರ್ಷದ ಸತ್ಯ ಇಲ್ಲದಿದ್ದರೆ ಆ ಸುಳ್ಳಿಗೆ ಬೆಲೆಯೇ ಇರುತ್ತಿರಲಿಲ್ಲ.

ಅಪ್ಪ ನನ್ನನ್ನು 'ಎಂತಡ' ಅಂತ ಕೇಳಿದ್ದು, ನಾನು ಹೇಳಿದರೆ ನಂಬಬಹುದು ಅಂತ ಇದ್ದದ್ದರಿಂದ. ತಮ್ಮ ಹೇಳಿದ್ದರೆ ಎರಡು ಸಲ ಕೇಳುತ್ತಿದ್ದ.

ಆ ಮಳೆಗಾಲ ಶ್ರಾವಣದ ತಾಳಮದ್ದಳೆಗೆ ಕರೆ ಬಂತು. ದ್ರೋಣನ ಅರ್ಥಕ್ಕೇ ಕರೆದಿದ್ದರು. ಅಪ್ಪನ ದನಿ ಆಗ ಇನ್ನೂ ಗಟ್ಟಿ ಇತ್ತು. "ಪಥ್ಯ ಮುಗೀಲಿ, ಬಪ್ಪ ವರ್ಷ ನೋಡನ" ಅಂತ ಹೇಳಿ ಕಳಿಸಿದ. ಬರುವ ವರ್ಷ ಇಲ್ಲ ಅಂತ ಗೊತ್ತಿದ್ದ ನಾನು ಅಲ್ಲೇ ಬಾಗಿಲ ಹತ್ತಿರ, ಬಂದವರಿಗೆ ಆಸರಿ ಕೊಟ್ಟ ಲೋಟ ಹಿಡಿದು ನಿಂತಿದ್ದೆ. ಭಾದ್ರಪದ ಮುಗಿಯುವ ಹೊತ್ತಿಗೆ ಅಪ್ಪ ಹೋದ.

ಹಾಗಾದರೆ ಸುಳ್ಳು ಯಾವಾಗಲೂ ತಪ್ಪೇ? ಅಪ್ಪ ಹೋದ ಮೇಲೆ ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ತಪ್ಪೇ ಅಂತ ಹೇಳಿಬಿಟ್ಟರೆ ನನ್ನ ಅಜ್ಜಿಯನ್ನು ಏನು ಮಾಡಲಿ?

ಅಪ್ಪನ ಅಮ್ಮ, ಸಿದ್ದಾಪುರದ ಕಡೆ ಸೊಸೆಯಾಗಿ ಬಂದ ಹೊಸತರಲ್ಲಿ ಕರನಿರಾಕರಣೆ ನಡೆಯುತ್ತಿತ್ತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಉಪ್ಪಿನ ಕಾಯಿದೆ ಮುರಿದಿದ್ದರು. ಅದರ ಹಿಂದೆಯೇ ಅಂಕೋಲೆ, ಸಿದ್ದಾಪುರ, ಶಿರಸಿ ಕಡೆಯ ರೈತರು ಭೂಕಂದಾಯ ಕೊಡುವುದಿಲ್ಲ ಅಂತ ನಿಂತರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಜಮೀನು ಜಪ್ತಿಯಾಯಿತು, ದನಕರು, ಪಾತ್ರೆ ಪಡಗ ಹರಾಜಾದವು. ಹೆಂಗಸರೂ ಜೈಲಿಗೆ ಹೋದರು. ಒಂದು ರಾತ್ರಿ ನಮ್ಮ ಮನೆಯ ಅಟ್ಟದ ಮೇಲೆ, ಅಡಿಕೆ ಮೂಟೆಗಳ ಹಿಂದೆ, ಪೊಲೀಸರು ಹುಡುಕುತ್ತಿದ್ದ ಇಬ್ಬರು ಮಲಗಿದ್ದರು. ಅಜ್ಜಿ ಸೊಂಟದ ಮೇಲೆ ಮಗು ಇಟ್ಟುಕೊಂಡು ಬಾಗಿಲಲ್ಲಿ ನಿಂತು, ಯಾರೂ ಇಲ್ಲ ಅಂದಳು. ಮತ್ತೆ ಕೇಳಿದರು. ಮತ್ತೆ ಇಲ್ಲ ಅಂದಳು. ನಮ್ಮ ಮನೆಯಲ್ಲಿ ಮಕ್ಕಳು ಇದನ್ನು ಕೇಳಿಯೇ ದೊಡ್ಡವರಾದದ್ದು. ಅಪ್ಪ ಇದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಅದು ಸತ್ಯಾಗ್ರಹ. ಆ ಚಳವಳಿಯ ಹೆಸರಲ್ಲೇ ಸತ್ಯ ಇದೆ, ಅಲ್ವಾ? ಗಾಂಧೀಜಿಗೆ ಗುಟ್ಟು ಆಗುತ್ತಿರಲಿಲ್ಲ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ, ಏನನ್ನೂ ಗುಟ್ಟಾಗಿ ಮಾಡಬಾರದು ಅಂತಲೇ ಹೇಳಿದರು. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಇನ್ನೂ ಕಟುವಾಗಿ ಹೇಳಿದ. 1797ರ ಒಂದು ಲೇಖನದಲ್ಲಿ ಅವನು ತೆಗೆದುಕೊಂಡದ್ದು ಹೆಚ್ಚುಕಡಿಮೆ ನಮ್ಮ ಅಜ್ಜಿಯ ಬಾಗಿಲನ್ನೇ. ಕೊಲೆಗಾರ ಬಂದು, ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂದ. ನೀನು ಇಲ್ಲ ಅಂದಾಗಲೇ ಗೆಳೆಯ ಹಿಂಬಾಗಿಲಿಂದ ಹೊರಗೆ ಹೋಗಿದ್ದು, ಕೊಲೆಗಾರನಿಗೆ ದಾರಿಯಲ್ಲಿ ಸಿಕ್ಕಿಬಿಟ್ಟರೆ ಅದರ ಹೊಣೆ ನಿನ್ನದು ಅಂದ.

ನನಗೆ ಕಾಂಟ್‌ನ ಮಾತು ಒಪ್ಪಿಗೆಯಿಲ್ಲ. ನಮ್ಮ ಕೃಷ್ಣನಿಗೂ ಅದು ಒಪ್ಪಿಗೆ ಇರಲಿಲ್ಲ. ಕರ್ಣಪರ್ವದಲ್ಲಿ ಅವನು ಅರ್ಜುನನಿಗೆ ಕೌಶಿಕ ಅನ್ನುವ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನೇ ಹೇಳುವ ವ್ರತ ಅವನದು. ಕಳ್ಳರಿಗೆ ಹೆದರಿ ಜನ ಕಾಡಿನೊಳಗೆ ಓಡಿದರು. ಕಳ್ಳರು ಬಂದು ಕೇಳಿದರು. ಕೌಶಿಕ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜನ ಸತ್ತರು. ಕೌಶಿಕ ನರಕಕ್ಕೆ ಹೋದ. ಸತ್ಯ ಹೇಳಿದ್ದಕ್ಕೆ.

ಅಜ್ಜಿಯ ಸುಳ್ಳು ಸರಿ. ಈ ಬಗ್ಗೆ ನನಗೆ ಅನುಮಾನವೇ ಇಲ್ಲ. ನನ್ನ ತೊಂದರೆ ಏನೆಂದರೆ, ನನ್ನ ಸುಳ್ಳೂ ಅದೇ ಜಾತಿಯದ್ದು ಅಂತ ನಾನು ಆರು ತಿಂಗಳು ನಂಬಿದ್ದೆ. ನಾನೂ ಬಾಗಿಲಲ್ಲಿ ನಿಂತಿದ್ದೇನೆ, ಸಾವು ಕೊಲೆಗಾರನ ಹಾಗೆ ಬಂದಿದೆ, ಅಪ್ಪನನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ ಅಂತ. ಆದರೆ ನಾನು ಸುಳ್ಳು ಹೇಳಿದ್ದು ಸಾವಿಗಲ್ಲ. ಅಟ್ಟದ ಮೇಲಿದ್ದವನಿಗೆ. ಅಜ್ಜಿಯ ಸುಳ್ಳು ಅಟ್ಟದ ಮೇಲಿದ್ದವರಿಗೂ ಕೇಳುತ್ತಿತ್ತು. ಅವರು ಅದರೊಳಗೆ ಪಾಲುದಾರರು. ಅದು ಬಯಲಾಗಿದ್ದರೆ ಜೈಲಿಗೆ ಹೋಗುವವಳು ಅಜ್ಜಿ. ನನ್ನ ಸುಳ್ಳಿಗೆ ನಾನೇನು ಕೊಟ್ಟೆ? ಉಪ್ಪಿಲ್ಲದ ಗಂಜಿ ಕುಡಿದವನು ಅಪ್ಪ. ದ್ರೋಣನ ಅರ್ಥ ಬಿಟ್ಟವನು ಅಪ್ಪ. ಅವನ ಆಯುಷ್ಯದ ಲೆಕ್ಕ ಅವನ ಸೊತ್ತು. ಅದನ್ನು ನಾನು ಇಟ್ಟುಕೊಂಡೆ.

'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಅನ್ನುವ ಗಾದೆಯನ್ನು ಸುಮ್ನೆ ಹೇಳುತ್ತೇವೆ. ಆ ಸಾವಿರದ ಲೆಕ್ಕವನ್ನೂ ಮದುವೆಯಾಗಿ ಹೋದ ಹುಡುಗಿಯೇ ತೀರಿಸುತ್ತಾಳೆ, ಹೇಳಿದವರಲ್ಲ.

ಡಾಕ್ಟರುಗಳು ಸಹ ಇದರಲ್ಲಿ ಒಂದೇ ಕಡೆ ನಿಂತವರಲ್ಲ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ 90ರಷ್ಟು ಡಾಕ್ಟರುಗಳು, ಕ್ಯಾನ್ಸರ್ ಇದೆ ಅಂತ ರೋಗಿಗೆ ಹೇಳದಿರುವುದೇ ತಮಗೆ ಇಷ್ಟ ಅಂದಿದ್ದರು. 1979ರಲ್ಲಿ ಅದೇ ಪ್ರಶ್ನೆಗಳನ್ನು ಕೇಳಿದಾಗ 97ರಷ್ಟು ಜನ ಹೇಳುತ್ತೇವೆ ಅಂದರು. ಕಾಯಿಲೆ ಬದಲಾಗಿರಲಿಲ್ಲ, ಮನುಷ್ಯರೂ ಬದಲಾಗಿರಲಿಲ್ಲ. ನಮ್ಮ ದೇಶದ ವೈದ್ಯಕೀಯ ಮಂಡಳಿಯ 2002ರ ನಿಯಮ, ಕಾಯಿಲೆಯನ್ನು ಹಿಗ್ಗಿಸಿಯೂ ಹೇಳಬೇಡಿ, ಕುಗ್ಗಿಸಿಯೂ ಹೇಳಬೇಡಿ ಅನ್ನುತ್ತದೆ. ಯಾರಿಗೆ ತಿಳಿಸಬೇಕು ಅಂದರೆ, ರೋಗಿಗೆ, ಅವನ ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುಳ್ಳ ಗೆಳೆಯರಿಗೆ ಅನ್ನುತ್ತದೆ. ಆ 'ಅಥವಾ' ಅನ್ನುವ ಸಂದಿಯಲ್ಲೇ ನಮ್ಮಂಥ ಎಷ್ಟೋ ಮನೆಗಳು ನುಸುಳುತ್ತವೆ.

ಆಯಿಯ ಮಾತನ್ನೂ ಹೇಳಬೇಕು. ಅವಳು ನನ್ನ ಜೊತೆ ಇವತ್ತಿಗೂ ಒಪ್ಪುವುದಿಲ್ಲ. ಅಪ್ಪ ಹೆದರದೇ ಹೋದ, ಅಷ್ಟು ಸಾಕು ಅನ್ನುತ್ತಾಳೆ. ಅದು ನಿಜ. ಆ ಆರು ತಿಂಗಳೂ ಅಪ್ಪ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಕೊನೆಯ ವಾರದವರೆಗೆ ತೋಟಕ್ಕೆ ಹೋಗಿ ಬಂದ. ಮಳೆ ಶುರುವಾದಾಗ ಐವತ್ತು ಅಡಿಕೆ ಸಸಿ ನೆಡಿಸಿದ. ದೊಡ್ಡಪ್ಪನ ಹಾಗೆ ಗೋಡೆ ನೋಡಲಿಲ್ಲ. ಹೇಳಿದ್ದರೆ ಅವನು ಅಪ್ಪೆಹುಳಿ ತಿನ್ನುತ್ತಿದ್ದನೋ, ಗೋಡೆ ಕಡೆ ತಿರುಗುತ್ತಿದ್ದನೋ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದೆ. ಆ ಸಸಿಗಳು ಈಗ ಆಳೆತ್ತರ ದಾಟಿವೆ. ಆಯಿ ಅವುಗಳ ಬುಡಕ್ಕೆ ಸೊಪ್ಪು ಹಾಕಿಸುವಾಗ ನಾನು ಅವಳ ಜೊತೆ ವಾದ ಮಾಡುವುದಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಕಾಣೆಯಾಯಿತು. ಏಳು ಮಂದಿ ಮೀನುಗಾರರು. ಅವರಲ್ಲಿ ಐವರು ನಮ್ಮ ಜಿಲ್ಲೆಯವರು. 2019ರ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲವಣದ ಸಮುದ್ರದಲ್ಲಿ ದೋಣಿಯ ಅವಶೇಷ ಕಂಡುಹಿಡಿಯುವವರೆಗೆ ಕರಾವಳಿಯ ಜನ, ಬರುತ್ತಾರೆ, ಬರುತ್ತಾರೆ ಅಂತಲೇ ಹೇಳುತ್ತಿದ್ದರು. ಆ ಚಳಿಗಾಲದಲ್ಲಿ ಕಾರವಾರದ ಮೀನುಪೇಟೆಯಲ್ಲಿ ಆ ಮಾತು ಕೇಳಿದಾಗೆಲ್ಲ ನನಗೆ ಅಪ್ಪ ನೆನಪಾಗುತ್ತಿದ್ದ. ಆದರೆ ಅದು ಸುಳ್ಳಲ್ಲ. ಹೇಳಿದವರಿಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ. ಇಬ್ಬರೂ ಒಂದೇ ದಡದಲ್ಲಿ ನಿಂತು ಒಂದೇ ಕಡೆ ನೋಡುತ್ತಿದ್ದರು.

ಈಗಲೂ ಘಟ್ಟದ ಮೇಲಿನವರು ಯಾರಾದರೂ ಗೋವಾಕ್ಕೆ ಹೊರಟರೆ ನನಗೆ ಫೋನ್ ಬರುತ್ತದೆ. ಕೊಂಕಣಿ ಬರುವ ಜನ ಬೇಕಲ್ಲ. ರಜೆ ಹಾಕಿ ಹೋಗುತ್ತೇನೆ. ಹೋಗುವ ದಾರಿಯಲ್ಲೇ, ಡಾಕ್ಟರನ್ನು ನೋಡುವ ಮೊದಲೇ, ರೋಗಿಯನ್ನೇ ಕೇಳುತ್ತೇನೆ. ಅವರು ಏನು ಹೇಳಿದರೂ ನಿಮಗೇ ಹೇಳಲಾ, ಅಥವಾ ಮನೆಯವರಿಗೆ ಹೇಳಿದರೆ ಸಾಕಾ? ಮನೆಯವರಿಗೆ ಹೇಳು ಅನ್ನುವವರೂ ಇದ್ದಾರೆ. ಆಗ ಹಾಗೇ ಮಾಡುತ್ತೇನೆ. ಅದು ಅವರ ಮಾತು.

ಹೋದ ವರ್ಷ ಯಲ್ಲಾಪುರದ ಕಡೆಯ ಒಬ್ಬರು ವಯಸ್ಸಾದ ಹೆಂಗಸು ಬಂದಿದ್ದರು. ನಾನು ಅತ್ತೆ ಅಂತ ಕರೆದೆ. ಹಿಂದಿನ ಸೀಟಿನಲ್ಲಿದ್ದ ಮಗ, ಅಮ್ಮನಿಗೆ ಕೇಳದ ಹಾಗೆ ನನಗೆ ಸನ್ನೆ ಮಾಡುತ್ತಲೇ ಇದ್ದ. ಹೇಳಬೇಡಿ ಅಕ್ಕಾ ಅಂತ. ನಾನು ಅತ್ತೆಯ ಹತ್ತಿರವೇ ಕೇಳಿದೆ. ಅವರು ಸ್ವಲ್ಪ ಹೊತ್ತು ಕಿಟಕಿಯಿಂದ ಹೊರಗೆ ನೋಡಿದರು.

"ನಂಗೇ ಹೇಳು ತಂಗಿ. ಆದ್ರೆ ಊಟ ಆದ ಮೇಲೆ ಹೇಳು."

ಡಾಕ್ಟರು ಹೇಳಬೇಕಾದ್ದನ್ನು ಹೇಳಿದರು. ಅತ್ತೆ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಮೂರೂ ಜನ ಹೊರಗೆ ಬಂದು ಎದುರಿನ ಹೋಟೆಲಿಗೆ ಹೋದೆವು. ಮಗ ಎಲೆಯ ಮೇಲೆ ಕೈಯಾಡಿಸುತ್ತ ಕೂತಿದ್ದ. ಅತ್ತೆ ಅನ್ನ ಸಾರು ಕಲಸಿಕೊಂಡು ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ಹಪ್ಪಳ ಇನ್ನೊಂದು ಬೇಕು ಅಂದರು. ಅದನ್ನೂ ತಿಂದರು. ಮಜ್ಜಿಗೆ ಕುಡಿದು, ಕೈತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ನನ್ನ ಪಕ್ಕದ ಕುರ್ಚಿಗೆ ಕೂತರು.

"ಈಗ ಹೇಳು" ಅಂದರು.